ಕೊಳಕ್ಕೆ ಇಳಿಸುವವರು ಯಾರು?



ತಪಸ್ಸುಕಾಲದ ನಾಲ್ಕನೆಯ ವಾರದ ಮಂಗಳವಾರ ಪೂಜೆಗೆ ಬರುವವರು ಕಡಿಮೆ. ಭಾನುವಾರಕ್ಕೆ ಮಾತ್ರ ಬರುವವರ ಕಿವಿಗೆ ಆ ದಿನದ ವಾಚನಗಳು ಬೀಳುವುದೇ ಇಲ್ಲ. ಇದು ನಷ್ಟವೇ ಸರಿ. ಏಕೆಂದರೆ ಅಂದು ಧರ್ಮಸಭೆ ಎರಡು ಬಗೆಯ ನೀರನ್ನು ಜೊತೆಜೊತೆಯಾಗಿ ನಮ್ಮ ಮುಂದಿಡುತ್ತದೆ. ಮೊದಲನೆಯದು ಪ್ರವಾದಿ ಯೆಜೆಕಿಯೇಲ ಕಂಡ ನೀರು. ಅದು ದೇವಾಲಯದ ಹೊಸ್ತಿಲ ಕೆಳಗಿನಿಂದ ಹುಟ್ಟಿ ಹೊರಗೆ ಹರಿಯುತ್ತದೆ. ಕಣಕಾಲು ಮುಳುಗುವಷ್ಟು, ಮೊಣಕಾಲು ಮುಳುಗುವಷ್ಟು, ಸೊಂಟ ಮುಳುಗುವಷ್ಟು, ಕೊನೆಗೆ ಈಜುವಷ್ಟು, ನಡೆದು ದಾಟಲಾಗದಷ್ಟು ಬೆಳೆಯುತ್ತದೆ. ಉಪ್ಪುಸಮುದ್ರಕ್ಕೆ ಸೇರಿ ಅದನ್ನೇ ಸಿಹಿ ಮಾಡುತ್ತದೆ. ಅದರ ದಡದ ಮರಗಳ ಎಲೆಗಳು ಔಷಧಿಯಾಗುತ್ತವೆ. ಎರಡನೆಯದು ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಬರುವ ಬೆತ್ಸಥಾ ಕೊಳದ ನೀರು. ಅದು ಎಲ್ಲಿಗೂ ಹರಿಯುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ. ಬೇಕಾದವರು ತಾವೇ ಅದರ ಬಳಿಗೆ ಬರಬೇಕು, ತಾವೇ ಇಳಿಯಬೇಕು.

ಈ ಎರಡು ವಾಚನಗಳನ್ನು ನಾನು ಎಷ್ಟೋ ವರ್ಷ ಓದಿದ್ದೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಓಡಾಡಿದ ಮೇಲೆಯೇ ಅವು ನನಗೆ ಅರ್ಥವಾದದ್ದು.

ಕರಾವಳಿಯ, ಬೆಂಗಳೂರಿನ ನಮ್ಮ ಓದುಗರಿಗೆ ಆ ನಾಡಿನ ಪರಿಚಯ ಕಡಿಮೆ. ಒಂದು ಕಡೆ ಭೀಮೆ, ಇನ್ನೊಂದು ಕಡೆ ಕೃಷ್ಣೆ, ನಡುವೆ ಕರಿಮಣ್ಣಿನ ಬಯಲು ಮತ್ತು ಬಂಡೆಗುಡ್ಡಗಳು. ನಾರಾಯಣಪುರದ ಕಾಲುವೆ ಹಾಯುವ ಕಡೆ ಭತ್ತ. ಹಾಯದ ಕಡೆ ಹತ್ತಿ ಮತ್ತು ತೊಗರಿ, ಮಳೆ ಕೈಕೊಟ್ಟರೆ ಗುಳೆ. ಹಿಂದೆ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳಾಗಿದ್ದ ಈ ಮೂರು ಊರುಗಳ ಸೀಮೆಯೇ ಮುಂದೆ ಯಾದಗಿರಿ ಎಂಬ ರಾಜ್ಯದ 30ನೆಯ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇಲ್ಲಿ ಓದುಬರಹ ಬಲ್ಲವರು ನೂರಕ್ಕೆ 52ರಷ್ಟು ಮಾತ್ರ, ಇಡೀ ಕರ್ನಾಟಕದಲ್ಲೇ ಕೊನೆಯ ಸ್ಥಾನ. ಬೆಂಗಳೂರಿನಲ್ಲಿ ನಿಮ್ಮ ಮನೆಯ ಎದುರು ಏಳುತ್ತಿರುವ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಹೆಂಗಸನ್ನು ಯಾವ ಊರವ್ವಾ ಎಂದು ಕೇಳಿ ನೋಡಿ. ಶಹಾಪುರ, ಸುರಪುರ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಆ ಸೀಮೆಯ ಒಂದು ಸಣ್ಣ ಧರ್ಮಕೇಂದ್ರದಲ್ಲಿ ಕೆಲಕಾಲ ಸೇವೆ ಮಾಡುವ ಅವಕಾಶ ನನಗೆ ಸಿಕ್ಕಿತ್ತು. ಜೊತೆಗೆ ಮೂವರು ಸಿಸ್ಟರುಗಳ ಒಂದು ಮಠ, ಎರಡು ಕೋಣೆಯ ಒಂದು ದವಾಖಾನೆ. ಅವರಲ್ಲಿ ಹಿರಿಯ ಸಿಸ್ಟರು ನರ್ಸ್. ಬೆಳಗ್ಗೆ ದವಾಖಾನೆಯಲ್ಲಿ ಕೂತು, ಮಧ್ಯಾಹ್ನ ಒಂದು ಚೀಲ ಹೆಗಲಿಗೇರಿಸಿ ತಾಂಡಾಗಳಿಗೆ ಹೊರಡುತ್ತಿದ್ದರು. ಬಾಣಂತಿಯರನ್ನು ನೋಡುವುದು, ಕೂಸುಗಳನ್ನು ತೂಗುವುದು, ಕೆಮ್ಮುವವರ ಕಫ ಪರೀಕ್ಷೆಗೆ ಕಳಿಸುವುದು, ಗುಳಿಗೆ ನುಂಗಿದ್ದಾರೋ ಇಲ್ಲವೋ ವಿಚಾರಿಸುವುದು, ಇಷ್ಟೇ ಕೆಲಸ. ನಾನು ಚಿಕ್ಕ ವಯಸ್ಸಿನವ, ಲೆಕ್ಕ ಕೇಳುವ ಚಟ. ಒಂದು ದಿನ ಕೇಳಿದೆ: "ಸಿಸ್ಟರ್, ಇಷ್ಟು ತಾಂಡಾ ಸುತ್ತುತ್ತೀರಿ, ಪೂಜೆಗೆ ಎಷ್ಟು ಮಂದಿ ಬರುತ್ತಾರೆ?" ಅವರು ಕೋಪಿಸಿಕೊಳ್ಳಲಿಲ್ಲ. "ಗುಳಿಗೆಗೆ ಎಷ್ಟು ಮಂದಿ ಬರುತ್ತಾರೆ ಕೇಳಿ ಫಾದರ್, ಅದನ್ನು ಬರೆದಿಟ್ಟಿದ್ದೇನೆ" ಎಂದರು.

ಒಮ್ಮೆ ಅವರೊಂದಿಗೆ ಸುರಪುರದ ಕಡೆಯ ಒಂದು ತಾಂಡಾಕ್ಕೆ ಹೋದೆ. ಅಲ್ಲೊಬ್ಬ ಹೆಣ್ಣುಮಗಳು, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಬೆಂಗಳೂರಿಗೆ ದುಡಿಯಲು ಹೋದವಳು ಕ್ಷಯ ಹತ್ತಿಸಿಕೊಂಡು ಮರಳಿದ್ದಳು. ಆರು ತಿಂಗಳ ಗುಳಿಗೆ ನುಂಗಬೇಕಾದವಳು ಎರಡು ತಿಂಗಳಿಗೇ ನಿಲ್ಲಿಸಿದ್ದಳು. ನಾನು ಸ್ವಲ್ಪ ಗದರಿಸುವ ದನಿಯಲ್ಲೇ, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಕೊಡುತ್ತಾರಲ್ಲ, ಏಕೆ ತರಲಿಲ್ಲ ಎಂದೆ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು: "ಪುಕ್ಕಟೆ ಕೊಡ್ತಾರ್ರೀ ಯಪ್ಪಾ. ಹೋಗಿ ತರಾಕ ನಮಗ ಮಂದಿ ಇಲ್ರೀ."

ಮಂದಿ ಇಲ್ಲ. ಗಂಡ ಬಿಟ್ಟುಹೋಗಿದ್ದಾನೆ. ಅತ್ತೆಗೆ ಕಣ್ಣು ಕಾಣದು. ಎರಡು ವರ್ಷದ ಮಗುವನ್ನು ಯಾರ ಕೈಗೆ ಕೊಟ್ಟು ಹೋಗುವುದು? ಹೋದರೆ ಆ ದಿನದ ಹತ್ತಿ ಬಿಡಿಸುವ ಕೂಲಿ ಹೋಯಿತು. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಕಿಟಕಿಯಲ್ಲಿ ನಿಲ್ಲಬೇಕು, ಓದು ಬಾರದವಳಿಗೆ ಹೇಳುವವರು ಯಾರು?

ಪ್ರಿಯರೇ, ಬೆತ್ಸಥಾದ ಆ ರೋಗಿ ಹೇಳಿದ್ದೂ ಇದನ್ನೇ ಅಲ್ಲವೇ? ಮೂವತ್ತೆಂಟು ವರ್ಷದಿಂದ ರೋಗಿಯಾಗಿದ್ದ ಅವನು ನೀರಿನ ದಡದಲ್ಲೇ ಮಲಗಿದ್ದ. ಪ್ರಭು ಯೇಸು ಅವನ ಬಳಿ ನಿಂತು, ಗುಣವಾಗಲು ಮನಸ್ಸಿದೆಯೇ ಎಂದು ವಿಚಾರಿಸಿದರು. ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ತನ್ನನ್ನು ಎತ್ತಿ ಇಳಿಸುವವರು ಯಾರೂ ಇಲ್ಲ, ತಾನು ತೆವಳುವಷ್ಟರಲ್ಲಿ ಇನ್ನೊಬ್ಬರು ಇಳಿದುಬಿಡುತ್ತಾರೆ ಎಂದು ತನ್ನ ಸಂಕಟ ತೋಡಿಕೊಂಡ. ಕೆಲವು ಪ್ರಸಂಗಕಾರರು ಇವನನ್ನು ಸೋಮಾರಿ ಎಂದು, ನೆಪ ಹೇಳುವವನೆಂದು ಬೈಯುವುದನ್ನು ಕೇಳಿದ್ದೇನೆ. ನಾನೂ ಒಮ್ಮೆ ಹಾಗೆ ಪ್ರಸಂಗ ಮಾಡಿದ್ದೇನೆ. ಆದರೆ ಪ್ರಭು ಅವನನ್ನು ಬೈಯಲಿಲ್ಲ. ಕೊಳಕ್ಕೆ ಇಳಿಸಲೂ ಇಲ್ಲ. ಮೊದಲು ಬಂದವನಿಗೆ ಮಾತ್ರ ಗುಣ ಎಂಬ ಆ ಪದ್ಧತಿಯನ್ನೇ ಬದಿಗಿಟ್ಟು, ಮಲಗಿದ್ದಲ್ಲಿಗೆ ತಾವೇ ಹೋಗಿ ಅವನನ್ನು ಎಬ್ಬಿಸಿದರು.

ಆಸ್ಪತ್ರೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಯಾದಗಿರಿಯಲ್ಲಿ ಮೆಥೊಡಿಸ್ಟ್ ಸಹೋದರರ ಹೋಲ್ಸ್ಟನ್ ಆಸ್ಪತ್ರೆಯ ಹೆಸರು ಕೇಳದ ಹಳಬರಿಲ್ಲ. ಗುಲ್ಬರ್ಗಾ ನಮ್ಮ ಪಾಲಿಗೆ ಪ್ರತ್ಯೇಕ ಧರ್ಮಕ್ಷೇತ್ರವಾದದ್ದು 2005ರಲ್ಲಿ. ಆ ನೆಲದಲ್ಲಿ ರೋಗಿಗಳ ಗಾಯ ತೊಳೆದವರು ನಮಗಿಂತ ಮೊದಲೂ ಇದ್ದರು ಎಂಬುದನ್ನು ಒಪ್ಪಿಕೊಳ್ಳುವುದರಲ್ಲಿ ನಮಗೇನೂ ಕೊರತೆಯಿಲ್ಲ. ಇಂದು ಜಿಲ್ಲಾ ಆಸ್ಪತ್ರೆ ಇದೆ, ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, 2008ರಿಂದ 108 ಅಂಬ್ಯುಲೆನ್ಸ್ ಓಡಾಡುತ್ತಿದೆ, ಊರೂರಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಕೊಳಗಳು ಹೆಚ್ಚಿವೆ, ದೇವರಿಗೆ ಸ್ತೋತ್ರ. ಆದರೆ ಮಂದಿ ಇಲ್ಲದವರಿಗೆ ಕೊಳ ಹತ್ತಿರವಾದರೂ ದೂರವೇ.

ಇನ್ನೊಂದು ಮಾತು. ಆ ಸೀಮೆಯಲ್ಲಿ ನೀರೇ ರೋಗ ತಂದ ಕಥೆಯೂ ಇದೆ. ಐವತ್ತು ದಾಟಿದವರಿಗೆ ನಾರುಹುಣ್ಣು ನೆನಪಿರಬಹುದು. ಹಳೆಯ ಗುಲ್ಬರ್ಗಾ, ರಾಯಚೂರು ಕಡೆಯ ಹಳ್ಳಿಗಳಿಗೆ ಅದು ಶಾಪದಂತಿತ್ತು. ಮೆಟ್ಟಿಲುಬಾವಿಗೆ ಇಳಿದು ಕೊಡ ತುಂಬಿಕೊಳ್ಳುವಾಗ, ನೀರಿನ ಸಣ್ಣ ಹುಳುವಿನ ಹೊಟ್ಟೆಯಲ್ಲಿ ಕೂತು ಮರಿ ಕೊಡಕ್ಕೆ ಬರುತ್ತಿತ್ತು, ಅಲ್ಲಿಂದ ಕುಡಿದವರ ಹೊಟ್ಟೆಗೆ. ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಎದ್ದು, ಅದು ಒಡೆದು, ಮೊಳಕ್ಕೂ ಉದ್ದದ ಬಿಳಿಯ ನಾರಿನಂಥ ಹುಳು ಹೊರಬರುತ್ತಿತ್ತು. ಒಂದೇ ಸಲ ಎಳೆದರೆ ತುಂಡಾಗಿ ಕಾಲು ಬಾಯುತ್ತಿತ್ತು. ಆದ್ದರಿಂದ ದಿನಕ್ಕಿಷ್ಟು ಎಂದು ಕಡ್ಡಿಗೆ ಸುತ್ತುತ್ತಾ ವಾರಗಟ್ಟಲೆ ಮಲಗಬೇಕಿತ್ತು, ಅದೂ ಬಿತ್ತನೆಯ ಹೊತ್ತಿನಲ್ಲಿ. ಉರಿ ತಾಳದೆ ಆ ಕಾಲನ್ನು ಮತ್ತೆ ಬಾವಿಯ ನೀರಿಗೇ ಇಳಿಸುತ್ತಿದ್ದರು. ಹುಳು ಅಲ್ಲೇ ಮರಿ ಬಿಡುತ್ತಿತ್ತು. ಇದಕ್ಕೆ ಮಾತ್ರೆಯಿಲ್ಲ, ಲಸಿಕೆಯಿಲ್ಲ. ಆದರೂ ಹೋಯಿತು! ಹೇಗೆ? ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಿದ್ದರಿಂದ, ಬಾವಿಗೆ ಇಳಿಯುವುದನ್ನು ತಪ್ಪಿಸಿದ್ದರಿಂದ, ಕೈಪಂಪು ಹಾಕಿಸಿದ್ದರಿಂದ. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇದರ ಪುಣ್ಯ ದೊಡ್ಡ ಆಸ್ಪತ್ರೆಗಳಿಗಿಂತ ಬಿಸಿಲಲ್ಲಿ ತಿರುಗಿದ ಕಾಲುಗಳದ್ದು. ಅವುಗಳಲ್ಲಿ ಹೆಚ್ಚಿನವು ಸರ್ಕಾರಿ ನೌಕರರ ಕಾಲುಗಳು ಎಂಬುದನ್ನೂ ನಾವು ನೆನೆಯಬೇಕು.

ಆದರೆ ನೀರಿನ ಕಥೆ ಮುಗಿದಿಲ್ಲ. ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಊರಿದೆ (ನಮ್ಮ ಕರಾವಳಿಯ ಮಂಗಳೂರಲ್ಲ). ಅಲ್ಲಿ ಹಿಂದೆ ಚಿನ್ನದ ಗಣಿ ಇತ್ತು. ಆ ಕಡೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಷವಿರುವುದನ್ನೂ, ಜನರ ಅಂಗೈ ಅಂಗಾಲುಗಳು ಗಂಟುಗಟ್ಟಿರುವುದನ್ನೂ ವಿಜ್ಞಾನಿಗಳು ಗುರುತಿಸಿ 2013ರಲ್ಲಿ ಬರೆದರು. ಇಂಥಲ್ಲಿ ಮುಲಾಮು ಹಚ್ಚುವ ನರ್ಸ್ ಏನು ಮಾಡಬಲ್ಲಳು? ಬೇರೆ ನೀರು ತರಿಸಬೇಕು. ಅದಕ್ಕೆ ಅರ್ಜಿ ಬರೆಯಬೇಕು, ಪಂಚಾಯಿತಿಗೆ ನಾಲ್ಕು ಸಲ ಅಲೆಯಬೇಕು. ಯೆಜೆಕಿಯೇಲರ ಕನಸಿನಲ್ಲಿ ಉಪ್ಪುನೀರು ಸಿಹಿಯಾಗುವುದನ್ನು ನಾವು ಆತ್ಮಕ್ಕೆ ಮಾತ್ರ ಅನ್ವಯಿಸಿ ಓದುತ್ತೇವೆ. ಆ ತಾಂಡಾದ ತಾಯಿ ಅದನ್ನು ಹಾಗೆ ಓದಲಾರಳು.

ನಮ್ಮ ಧರ್ಮಸಭೆಯೂ ಇದನ್ನೆಲ್ಲ ಒಂದೇ ದಿನದಲ್ಲಿ ಕಲಿಯಲಿಲ್ಲ. ಆಸ್ಟ್ರೇಲಿಯಾದಲ್ಲಿ ಹೆಸರಾಂತ ವೈದ್ಯೆಯಾಗಿದ್ದ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾದರು. ಸನ್ಯಾಸಿನಿಯೊಬ್ಬಳು ವೈದ್ಯವೃತ್ತಿ ನಡೆಸಲು ಆಗ ಪೋಪ್ ಹದಿನೈದನೆಯ ಬೆನೆಡಿಕ್ಟರಿಂದ ವಿಶೇಷ ಅನುಮತಿಯೇ ಬೇಕಾಯಿತು! ಕನ್ಯಾಸ್ತ್ರೀಯರು ಹೆರಿಗೆ ಮಾಡಿಸಬಹುದೆಂದು ರೋಮ್ ಸಾರ್ವತ್ರಿಕವಾಗಿ ಒಪ್ಪಿದ್ದು 1936ರಲ್ಲಿ. ಅಷ್ಟರೊಳಗೆ ಎಷ್ಟು ತಾಯಂದಿರು ಕೊಳದ ದಡದಲ್ಲೇ ಉಳಿದುಬಿಟ್ಟರೋ ದೇವರೇ ಬಲ್ಲರು. ಡಾಕ್ಟರ್ ಸಿಸ್ಟರ್ ಮೇರಿ ಸುಮ್ಮನೆ ಕೂರಲಿಲ್ಲ. ಊರಿನ ಹುಡುಗಿಯರಿಗೇ ಶುಶ್ರೂಷೆ, ಸೂಲಗಿತ್ತಿ ಕೆಲಸ, ಔಷಧಿ ಬೆರೆಸುವುದನ್ನು ಕಲಿಸಿದರು. 1943ರಲ್ಲಿ ದೇಶದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಾಣಬಿಟ್ಟರು. ಇಂದು ಆ ಸಂಘದಲ್ಲಿ 3,500ಕ್ಕೂ ಹೆಚ್ಚು ಸಂಸ್ಥೆಗಳಿವೆ. ಅವುಗಳಲ್ಲಿ ಬಹುಪಾಲು ದೊಡ್ಡ ಕಟ್ಟಡಗಳಲ್ಲ, ನಾನು ಹೇಳಿದಂಥ ಸಣ್ಣ ದವಾಖಾನೆಗಳು.

ಈಗ ಆ ಹೆಣ್ಣುಮಗಳ ವಿಷಯ. ಮರಳುವ ದಾರಿಯಲ್ಲಿ ಸಿಸ್ಟರು ಒಂದು ಕೇಳಿಕೆ ಮುಂದಿಟ್ಟರು. ಗುರುವಾರ ಗುರುವಾರ ಧರ್ಮಕೇಂದ್ರದ ಜೀಪು ಕೊಟ್ಟರೆ ಮೂರು ತಾಂಡಾಗಳ ರೋಗಿಗಳನ್ನು ಒಟ್ಟಿಗೆ ದವಾಖಾನೆಗೆ ಕರೆದುಕೊಂಡು ಹೋಗಬಹುದು ಎಂದರು. ನಾನು ಆಗಲಿ ಎಂದೆ. ಎರಡು ವಾರ ಜೀಪು ಹೋಯಿತು. ಮೂರನೆಯ ವಾರ ನಮ್ಮ ಧರ್ಮಕೇಂದ್ರದ ಹಬ್ಬ. ಶಾಮಿಯಾನ ತರಬೇಕಿತ್ತು, ಬ್ಯಾಂಡಿನವರನ್ನು ಕರೆತರಬೇಕಿತ್ತು. ಮುಂದಿನ ವಾರ ನೋಡೋಣ ಎಂದುಬಿಟ್ಟೆ. ಮುಂದಿನ ವಾರ ಅತಿಥಿಗಳು. ಅದರ ಮುಂದಿನ ವಾರ ಮಳೆ. ಹೀಗೆ ಒಂದೂವರೆ ತಿಂಗಳು. ಸಿಸ್ಟರು ಬಸ್ಸಿನಲ್ಲಿ, ನಡಿಗೆಯಲ್ಲಿ ಆದಷ್ಟು ಹೋಗಿಬಂದರು, ಎಲ್ಲ ಕಡೆಗೂ ಆಗಲಿಲ್ಲ. ಆ ಹೆಣ್ಣುಮಗಳು ಮಳೆಗಾಲದಲ್ಲಿ ತೀರಿಕೊಂಡಳು. ಜೀಪು ಹೋಗಿದ್ದರೆ ಉಳಿಯುತ್ತಿದ್ದಳೇ? ಗೊತ್ತಿಲ್ಲ. ರೋಗ ಬಲಿತಿತ್ತು ಎಂದು ಸಿಸ್ಟರು ನನ್ನ ಸಮಾಧಾನಕ್ಕೆ ಹೇಳಿದರು. ಆ ವರ್ಷದ ಹಬ್ಬ ಬಹಳ ಚೆನ್ನಾಗಿ ನಡೆಯಿತೆಂದು ಎಲ್ಲರೂ ಹೊಗಳಿದ್ದರು. ಶಾಮಿಯಾನದ ಬಣ್ಣ ಕೂಡ ನನಗಿನ್ನೂ ನೆನಪಿದೆ. ಆಕೆಯ ಹೆಸರನ್ನು ಮಾತ್ರ ನಾನು ಕೇಳಿಯೇ ಇರಲಿಲ್ಲ.

ಈ ತಪ್ಪನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ. ದೇವಾಲಯದಿಂದ ಹೊರಗೆ ಹರಿಯಬೇಕಾಗಿದ್ದ ನೀರಿಗೆ ನಾನು ಹೊಸ್ತಿಲಲ್ಲೇ ಒಡ್ಡು ಕಟ್ಟಿದ್ದೆ, ಅದೂ ದೇವಾಲಯದ ಹೆಸರಿನಲ್ಲೇ.

ಒಂದು ಪ್ರಶ್ನೆಯನ್ನು ಹೊರಗಿನವರೂ ಕೇಳುತ್ತಾರೆ, ನಮ್ಮವರೂ ಕೇಳುತ್ತಾರೆ. ಕ್ರೈಸ್ತರಲ್ಲದವರ ಮನೆಗೆ ಗುಳಿಗೆ ಹಿಡಿದು ಹೋಗುವುದೇಕೆ? ಹೊರಗಿನವರ ದನಿಯಲ್ಲಿ ಸಂಶಯ, ನಮ್ಮವರ ದನಿಯಲ್ಲಿ ನಿರಾಸೆ. ಇಬ್ಬರಿಗೂ ಉತ್ತರ ಅದೇ ಐದನೆಯ ಅಧ್ಯಾಯದಲ್ಲಿದೆ. ಹಾಸಿಗೆ ಹೊತ್ತು ನಡೆದವನನ್ನು ಜನ ತಡೆದು, ಹಾಗೆ ಹೊತ್ತು ನಡೆ ಎಂದು ನಿನಗೆ ಹೇಳಿದವರಾರು ಎಂದು ಕೇಳಿದಾಗ ಅವನಿಗೆ ಹೇಳಲು ಹೆಸರೇ ಗೊತ್ತಿರಲಿಲ್ಲ. ಪ್ರಭು ಅವನಿಂದ ವಿಶ್ವಾಸದ ಮಾತನ್ನು ಮೊದಲೇ ಕೇಳಲಿಲ್ಲ, ತಮ್ಮ ಹೆಸರನ್ನೂ ಹೇಳಲಿಲ್ಲ. ಗುಂಪಿನಲ್ಲಿ ಮರೆಯಾಗಿ ಹೋಗಿದ್ದರು. ಪ್ರಭುವೇ ಹೆಸರು ಬಿಡದೆ ಹೋದ ಕಡೆ ನಾವು ನಮ್ಮ ಫಲಕ ನೆಡಲು ಆತುರಪಡಬೇಕೇ?

ಈಗ ಕುಟುಂಬಗಳಿಗೆ ಒಂದೆರಡು ಮಾತು. ಫೆಬ್ರವರಿ 11ರ ವಿಶ್ವ ರೋಗಿಗಳ ದಿನಕ್ಕೆ ನಾವು ಹಣ್ಣು ಹಂಚುತ್ತೇವೆ, ಅದು ಒಳ್ಳೆಯದೇ. ಎರಡನೆಯ ಜಾನ್ ಪೌಲರು 1992ರಲ್ಲಿ ಆ ದಿನವನ್ನು ಗೊತ್ತುಮಾಡಿದಾಗ ಹಣ್ಣಿನ ಬುಟ್ಟಿಗಷ್ಟೇ ಅಲ್ಲ ಎಂಬುದು ನನ್ನ ಅನಿಸಿಕೆ. ನಿಮ್ಮ ಬೀದಿಯಲ್ಲಿ ಆಸ್ಪತ್ರೆಗೆ ಹೋಗಬೇಕಾದ ಒಬ್ಬ ಮುದುಕಿ ಇರಬಹುದು. ಅವಳೊಂದಿಗೆ ಒಂದು ದಿನ ಹೋಗಿ, ಚೀಟಿಯ ಸಾಲಿನಲ್ಲಿ ನೀವು ನಿಲ್ಲಿ, ಅವಳನ್ನು ಬೆಂಚಿನ ಮೇಲೆ ಕೂರಿಸಿ. ಮನೆಕೆಲಸದವಳು ಎರಡು ವಾರ ಮೀರಿ ಕೆಮ್ಮುತ್ತಿದ್ದರೆ ರಜೆ ಕೊಡುವುದಷ್ಟೇ ಸಾಲದು, ಕಫ ಪರೀಕ್ಷೆಗೆ ಕರೆದೊಯ್ಯಿರಿ, ಆ ದಿನದ ಕೂಲಿ ಕಡಿಯಬೇಡಿ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಔಷಧಿ ಚೀಟಿ ಓದಿ ಹೇಳುವ ಕೆಲಸ ಅವರಿಗೆ ಬಿಡಿ. ನಮ್ಮ ಸಿಸ್ಟರುಗಳು ಯಾವ ಹಳ್ಳಿಗೆ ಯಾವ ದಿನ ಹೋಗುತ್ತಾರೆಂದು ಮಠದಲ್ಲಿ ಕೇಳಿದರೆ ಹೇಳುತ್ತಾರೆ. ಗಾಡಿ ಇರುವವರು ಕೇಳಿ.

ಆ ಹಬ್ಬದ ಮುಂದಿನ ವರ್ಷದಿಂದ ಜೀಪಿನ ಗುರುವಾರ ತಪ್ಪಲಿಲ್ಲ. ಶಾಮಿಯಾನ ಎತ್ತಿನ ಗಾಡಿಯಲ್ಲಿ ಬಂತು. ನಾನು ವರ್ಗವಾಗಿ ಹೊರಡುವ ಮುನ್ನ ಕೊನೆಯ ಸಲ ಆ ತಾಂಡಾಕ್ಕೆ ಹೋದಾಗ ಕಣ್ಣು ಕಾಣದ ಆ ಅತ್ತೆ ಬಾಗಿಲಲ್ಲಿ ಕೂತಿದ್ದಳು, ಮಗು ಅವಳ ತೊಡೆಯ ಮೇಲಿತ್ತು. ಜೀಪಿನ ಸದ್ದು ಕೇಳಿ, "ಗುರುವಾರದ ಅಕ್ಕಾರು ಬಂದ್ರೇನು?" ಎಂದಳು. ಸಿಸ್ಟರು ಅವಳ ಪಕ್ಕದಲ್ಲಿ ಕೂತು, ಮಗುವನ್ನು ಎತ್ತಿಕೊಂಡು ತಕ್ಕಡಿಯಲ್ಲಿಟ್ಟರು.