ಉಳಿ ಹಳೆಯದು, ಹೊಣೆ ಯಾರದು?



ಇಫ್ತಾರ್ ಮುಗಿದು ಚಹಾ ಬಂದಾಗ ನಮ್ಮವರ ನಡುವೆ ಆಗಾಗ ಒಂದು ವಾದ ಏಳುತ್ತದೆ. ಕೆಲಸ ಚೆನ್ನಾಗಿ ಬರುವುದು ಕೈಯಿಂದಲೋ ಉಪಕರಣದಿಂದಲೋ? ಗ್ಯಾರೇಜಿನಲ್ಲಿ ದುಡಿಯುವವರಿಗೂ ಹೋಟೆಲ್ ಅಡುಗೆಮನೆಯವರಿಗೂ ಚಿನ್ನದ ಅಂಗಡಿಯವರಿಗೂ ಇದರಲ್ಲಿ ಒಂದು ಮಾತು ಇದ್ದೇ ಇರುತ್ತದೆ. ಕೊನೆಗೆ ಯಾರಾದರೊಬ್ಬರು “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಎಲ್ಲರ ಬಾಯಿ ಮುಚ್ಚಿಸುತ್ತಾರೆ. ಆ ಗಾದೆಯ ಮೇಲೆ ನನಗೆ ಸ್ವಲ್ಪ ತಕರಾರಿದೆ. ನೆಲ ನಿಜವಾಗಿಯೂ ಡೊಂಕಾಗಿದ್ದರೆ?

ಲೋಹದ ಮೇಲಿನ ಕೈಕೆತ್ತನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಮ್ಮ ಬೀದರಿನ ಬಿದ್ರಿ ಕೆಲಸವನ್ನು ನಿಮ್ಮಲ್ಲಿ ಕೆಲವರು ಹತ್ತಿರದಿಂದಲೇ ನೋಡಿರಬಹುದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನೋ ತಟ್ಟೆಯನ್ನೋ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿದರೆ ಅದು ಸದ್ಯಕ್ಕೆ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನಚು ಕಡ್ಡಿಯಿಂದ ಬಳ್ಳಿ, ಹೂವು ಬರೆಯುತ್ತಾರೆ. ಆಮೇಲೆ ಸಣ್ಣ ಉಳಿ, ಸುತ್ತಿಗೆ. ಉಳಿಯಿಂದ ತೋಡಿದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಬೆಸುಗೆಯಿಲ್ಲ, ಅಂಟಿಲ್ಲ, ತೋಡಿದ ಗೆರೆಯೇ ಬೆಳ್ಳಿಯನ್ನು ಕಚ್ಚಿ ಹಿಡಿಯಬೇಕು. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಬಿಸಿ ಪಾತ್ರೆಗೆ ಹಚ್ಚಿದರೆ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂದು ಅನುಭವಿಗಳು ನಾಲಿಗೆಗೆ ಇಟ್ಟು ನೋಡುತ್ತಾರೆ. ಈ ತಿಂಗಳಲ್ಲಿ ಅದು ಮಗ್ರಿಬ್ ನಂತರದ ಕೆಲಸ ಅನ್ನಿ!

ಈ ಕೆಲಸಕ್ಕೆ ಜೀವ ಸವೆಸಿದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರಂಥವರ ಉಳಿಯನ್ನು ನನ್ನ ಕೈಗೆ ಕೊಟ್ಟರೆ ಅದು ಉಕ್ಕಿನ ಒಂದು ಕಡ್ಡಿ, ಅಷ್ಟೇ. ಇಷ್ಟು ಹೇಳಿದರೆ ಕೈಯ ಪರ ವಾದಿಸುವವರು ಗೆದ್ದಂತೆ ಕಾಣುತ್ತದೆ.

ಈಗ ಇಲ್ಲಿಗೆ ಬನ್ನಿ. ಶಿಕಾಗೋದ ವಾಬಾಶ್ ಅವೆನ್ಯೂವಿನ ಆಭರಣದಂಗಡಿಗಳ ಸಾಲಿನಲ್ಲೋ ಡೆವಾನ್ ರಸ್ತೆಯಲ್ಲೋ ನೀವು ಕೆತ್ತನೆಗೆ ಕೂತಿದ್ದೀರಿ ಎಂದುಕೊಳ್ಳಿ. ಒಂದು ಮೇಜಿನ ಮೇಲೆ ಅಂಗೈಯಿಂದ ಒತ್ತುವ ಹಳೆಯ ಉಳಿ. ಪಕ್ಕದ ಮೇಜಿನಲ್ಲಿ ಕಂಪ್ರೆಸರ್ ಗಾಳಿಯಿಂದ ನಡೆಯುವ ಹಿಡಿಕೆ, ಕಾಲಡಿಯಲ್ಲಿ ಪೆಡಲ್, ಕಣ್ಣಿಗೆ ಮೈಕ್ರೋಸ್ಕೋಪ್. ಆ ಹಿಡಿಕೆ ನಿಮಿಷಕ್ಕೆ ಸಾವಿರಾರು ಸಣ್ಣ ಪೆಟ್ಟು ಹಾಕುತ್ತದೆ. ಭುಜದ ಬಲ ಬೇಕಿಲ್ಲ, ದಿಕ್ಕು ತೋರಿಸಿದರೆ ಸಾಕು. ಆದರೆ ಅದರ ತುದಿಯಲ್ಲಿ ಕೂತಿರುವುದೂ ಒಂದು ಉಳಿಯೇ. ಮೊಂಡಾದರೆ ಎರಡೂ ಒಂದೇ ರೀತಿ ಜಾರುತ್ತವೆ. ಹಳೆಯ ಕೆತ್ತನೆಗಾರ ಸಾಣೆ ಹಿಡಿದ ಮೇಲೆ ಉಳಿಯ ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಇಟ್ಟು ನೋಡುತ್ತಾನೆ. ಕಚ್ಚಿದರೆ ಹರಿತ, ಜಾರಿದರೆ ಮತ್ತೆ ಸಾಣೆಗೆ. ಉಪವಾಸದ ದಿನ ಅಸರ್ ಹೊತ್ತಿಗೆ ಕೈ ಸಣ್ಣಗೆ ನಡುಗಿದರೆ ಅವನು ಕೆತ್ತುವುದನ್ನು ನಿಲ್ಲಿಸಿ ಉಳಿಗಳಿಗೆ ಸಾಣೆ ಹಿಡಿಯುತ್ತಾ ಕೂರುತ್ತಾನೆ. ಯಾವಾಗ ಕೆತ್ತಬಾರದು ಎಂದು ಹೇಳುವ ಯಂತ್ರ ಯಾವ ಮೇಜಿನ ಮೇಲೂ ಇಲ್ಲ.

ಗಿರಾಕಿಯೊಬ್ಬಳು ತೀರಿಹೋದ ತಾಯಿಯ ಉಂಗುರ ತಂದು, ಒಳಗೆ ಹೆಸರು ಕೆತ್ತಿಕೊಡಿ ಅನ್ನುತ್ತಾಳೆ. ಉಳಿ ಜಾರಿ ಒಂದು ಗೀರು ಬೀಳುತ್ತದೆ. ಉಜ್ಜಿ ಪಾಲಿಶ್ ಹಾಕಿದರೆ ಗೀರು ಕಾಣುವುದಿಲ್ಲ, ಚಿನ್ನ ಅಷ್ಟು ಸವೆದಿರುತ್ತದೆ. ಹೇಳುತ್ತೀರೋ, ಮುಚ್ಚುತ್ತೀರೋ? ಹೇಳುವುದಾದರೆ “ಮೆಷಿನ್ ಜಾರಿತು” ಅನ್ನುತ್ತೀರೋ, “ನಾನು ಜಾರಿಸಿದೆ” ಅನ್ನುತ್ತೀರೋ? ಕೈಯೋ ಉಪಕರಣವೋ ಎಂಬ ವಾದ ನನಗೆ ನಿಜವಾಗಿ ಮುಖ್ಯವಾಗುವುದು ಈ ಜಾಗದಲ್ಲಿ. ಆ ಉಂಗುರ ನಿಮ್ಮ ಬಳಿ ಇದ್ದದ್ದು ಅಮಾನತ್ ಆಗಿ. ಪ್ರವಾದಿ ದಾವೂದ್(ಅ) ಅವರಿಗೆ ಅಲ್ಲಾಹನು ಕಬ್ಬಿಣವನ್ನೇ ಮೆದುಗೊಳಿಸಿಕೊಟ್ಟನು. ಆದರೂ ಕವಚದ ಕೊಂಡಿಗಳ ಅಳತೆ ಸರಿಯಿಡುವ ಹೊಣೆಯನ್ನು ಅವರಿಗೇ ಬಿಟ್ಟನು. ಲೋಹ ಎಷ್ಟು ಸುಲಭವಾದರೂ ಅಳತೆ ಮನುಷ್ಯನದೇ.

ಹಾಗೆಂದು ಹಳೆಯ ಉಳಿಯನ್ನು ಹೊಗಳುತ್ತಾ ಕೂರುವವನು ನಾನಲ್ಲ. ಅದನ್ನು ಹೆಚ್ಚು ಹೊಗಳುವವರು ದಿನಕ್ಕೆ ಹತ್ತು ಗಂಟೆ ಅದನ್ನು ಹಿಡಿಯಬೇಕಿಲ್ಲದವರು. ವರ್ಷಗಟ್ಟಲೆ ಅಂಗೈಯಲ್ಲಿ ಒತ್ತಿದವನ ಮಣಿಕಟ್ಟನ್ನು ಕೇಳಿ ನೋಡಿ. “ನಿನ್ನ ಕೈಯಲ್ಲೇ ಕಲೆ ಇದೆಯಲ್ಲ, ಮೆಷಿನ್ ಯಾಕೆ?” ಎಂದು ಮಾಲೀಕ ಅಂದಾಗ ಅದು ಹೊಗಳಿಕೆಯಂತೆ ಕೇಳುತ್ತದೆ. ಉಳಿಯುವುದು ಅವನ ದುಡ್ಡು, ಸವೆಯುವುದು ನಿಮ್ಮ ಮೂಳೆ. ಜಾರಿದ ಗೀರಿಗೆ ಉತ್ತರ ಹೇಳಬೇಕಾದವರು ನೀವು, ನಿಜ. ನೋಯುವ ಕೈಗೆ ಉತ್ತರ ಹೇಳಬೇಕಾದವನು ಉಪಕರಣ ಕೊಡದವನು. ಆ ಗಾದೆ ಇವೆರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ, ನನ್ನ ತಕರಾರು ಅದೇ.

ಉಪಕರಣವೇ ಎಲ್ಲವೂ ಆದರೆ ಏನಾಗುತ್ತದೆ ಎಂಬುದನ್ನು ಡೆಟ್ರಾಯಿಟ್ ಕಡೆಯವರಿಗೆ ನಾನು ಹೇಳಬೇಕಿಲ್ಲ. 1913ರಲ್ಲಿ ಫೋರ್ಡ್ ಕಂಪನಿ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆ ಸಾಲು ಶುರು ಮಾಡಿತು. ಒಂದು ಕಾರಿನ ಚಾಸಿ ಜೋಡಿಸಲು ಹಿಡಿಯುತ್ತಿದ್ದ ಸುಮಾರು 12 ಗಂಟೆ, ಮರುವರ್ಷದ ಹೊತ್ತಿಗೆ ಒಂದೂವರೆ ಗಂಟೆಗೆ ಇಳಿಯಿತು. ಕೆಲಸಗಾರನ ಬೆರಳಲ್ಲಿದ್ದ ವಿದ್ಯೆ ಸಾಲಿನೊಳಗೆ ಸೇರಿಕೊಂಡಿತು. ದಿನವಿಡೀ ಒಂದೇ ಬೋಲ್ಟು ತಿರುಗಿಸಲಾರದೆ ಜನ ಬಿಟ್ಟು ಹೋಗುತ್ತಲೇ ಇದ್ದರು. 1914ರಲ್ಲಿ ದಿನಕ್ಕೆ 5 ಡಾಲರ್ ಎಂದು ಸಾರಿದ್ದಕ್ಕೆ ಅದೂ ಒಂದು ಕಾರಣ. ಆ ಕೂಲಿ ಅರಸಿ ಬಂದವರಲ್ಲಿ ಸಿರಿಯಾ, ಲೆಬನಾನ್ ಕಡೆಯ ಮುಸ್ಲಿಮರೂ ಇದ್ದರು. 1921ರಲ್ಲಿ ಆ ಕಾರ್ಖಾನೆಗೆ ಹತ್ತಿರದಲ್ಲೇ ಒಂದು ಮಸೀದಿ ಎದ್ದಿತು, ಈ ದೇಶದ ಮೊದಮೊದಲ ಮಸೀದಿಗಳಲ್ಲಿ ಒಂದು. ಆ ಸಾಲು ಅವರ ಮಕ್ಕಳಿಗೆ ಅನ್ನ ಹಾಕಿತು, ಅದನ್ನು ಶಪಿಸಲು ನನಗೆ ಮನಸ್ಸಿಲ್ಲ. ಆದರೆ ಗೇಟು ದಾಟಿ ಹೊರಗೆ ಬಂದವನ ಕೈಯಲ್ಲಿ ಬೇರೆ ಊರಿಗೆ ಒಯ್ಯುವಂಥದ್ದು ಏನೂ ಇರಲಿಲ್ಲ. ಊರು ಬಿಟ್ಟು ಬಂದ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು.

ಊರಿನಿಂದ ಹೊಸ ಹುಡುಗನೊಬ್ಬ ನಿಮ್ಮ ಮೇಜಿಗೆ ಬಂದರೆ, ಮೊದಲು ಹಿತ್ತಾಳೆಯ ತುಂಡು, ಕೈ ಉಳಿ, ಸಾಣೆ ಕಲ್ಲು ಕೊಡಿ. ಉಗುರಿನ ಮೇಲೆ ಹರಿತ ನೋಡುವುದನ್ನು ಕಲಿಸಿ. ಅದು ಬಂದ ಮೇಲೆ ಗಾಳಿಯ ಹಿಡಿಕೆಯನ್ನೂ ಕೊಡಿ. “ನಾವೆಲ್ಲ ಕಷ್ಟಪಟ್ಟೇ ಕಲಿತದ್ದು” ಎಂದು ಬಚ್ಚಿಡಬೇಡಿ. ಒಂದು ದಿನ ಅವನ ಉಳಿ ಯಾರದೋ ಉಂಗುರದ ಮೇಲೆ ಜಾರುತ್ತದೆ, ಅವನು ತಲೆಯೆತ್ತಿ ನಿಮ್ಮ ಮುಖ ನೋಡುತ್ತಾನೆ. ಆಗ ಏನು ಹೇಳುತ್ತೀರಿ ಎಂದು ಈಗಲೇ ಯೋಚಿಸಿಟ್ಟುಕೊಳ್ಳಿ.