ಕುಮ್ಮಟದ ಅರಸ ಮತ್ತು ಆಮೇಲೆ ಬರೆದವರು

ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಕುಮಾರರಾಮ ಅಂದ ಕೂಡಲೇ ಹಿರಿಯರ ಬಾಯಲ್ಲಿ ಬರೋದು ಒಂದೇ ಮಾತು: ಪರನಾರಿ ಸಹೋದರ. ಗಂಗಾವತಿ ಸೀಮೆಯ ಕುಮ್ಮಟದುರ್ಗ ಅವನದು. ಮಲತಾಯಿ ರತ್ನಾಜಿ ಮೋಹಿಸಿದಳು, ಇವನು ಒಲ್ಲೆ ಅಂದ, ಅವಳು ಚಾಡಿ ಹೇಳಿದಳು, ಅಪ್ಪ ಕಂಪಿಲರಾಯ ಮಗನ ತಲೆ ತೆಗೀರಿ ಅಂದ. ನಾವು ಕೇಳಿದ್ದೂ ಇದನ್ನೇ, ಶಾಲೆ ಮಕ್ಕಳಿಗೆ ಹೇಳಿದ್ದೂ ಇದನ್ನೇ.

ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಹಾಡಿದ್ದು 16ನೇ ಶತಮಾನದಲ್ಲಿ. ಕುಮ್ಮಟ ಬಿದ್ದದ್ದು 1327ರಲ್ಲಿ. 1333ರಲ್ಲಿ ಹಿಂದೂಸ್ತಾನಕ್ಕೆ ಬಂದ ಇಬ್ನ್ ಬತೂತ ದಿಲ್ಲಿ ದರ್ಬಾರಿನಲ್ಲಿ ಕಂಪಿಲನ ಸೆರೆಸಿಕ್ಕ ಮಕ್ಕಳಲ್ಲಿ ಕೆಲವರನ್ನು ಕಣ್ಣಾರೆ ಕಂಡವನು. ಅವನು ಹೇಳೋ ಕತೆಯೇ ಬೇರೆ. ದಿಲ್ಲಿ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಷಾಸ್ಪ್ ಓಡಿ ಬಂದು ಕಂಪಿಲನ ಆಶ್ರಯ ಕೇಳಿದ. ಒಪ್ಪಿಸು ಅಂತ ಮಹಮ್ಮದ್ ಬಿನ್ ತುಘಲಕನ ಸೈನ್ಯ ಮುತ್ತಿತು. ಕಂಪಿಲ ಒಪ್ಪಿಸಲಿಲ್ಲ. ಆಶ್ರಿತನನ್ನು ದಾಟಿಸಿ ಕಳಿಸಿದ, ಹೆಂಗಸರು ಬೆಂಕಿಗೆ ಬಿದ್ದರು, ತಾನು ಹೋರಾಡಿ ಸತ್ತ. ಆ ಆಶ್ರಿತ ಮುಂದೆ ಹೋಗಿ ಸೇರಿದ್ದು ಹೊಯ್ಸಳ ಬಲ್ಲಾಳನ ಹತ್ತಿರ. ಬಲ್ಲಾಳ ಹಿಡಿದು ಒಪ್ಪಿಸಿಬಿಟ್ಟ!

ಇದರಲ್ಲಿ ರತ್ನಾಜಿ ಇಲ್ಲ. ರಾಮನ ಹೆಸರೂ ಇಲ್ಲ. ಬೇರೆ ಧರ್ಮದವನೊಬ್ಬ ಬಾಗಿಲಿಗೆ ಬಂದಾಗ ಏನು ಮಾಡಬೇಕು ಅನ್ನೋ ಪ್ರಶ್ನೆ ಇದೆ. ಕಾವ್ಯದಲ್ಲಿ ಆಶ್ರಯದ ಎಳೆ ಪೂರ್ತಿ ಅಳಿದಿಲ್ಲ, ಖರೆ. ಆದರೆ ನಮ್ಮ ನೆನಪಿನಲ್ಲಿ ಉಳಿದದ್ದು ಗಂಡಿನ ಶೀಲ, ಹೆಣ್ಣಿನ ಕಾಮ. ರಾಜ್ಯ ಹಾಳಾದ ಹೊಣೆ ಒಬ್ಬ ಹೆಂಗಸಿನ ತಲೆಗೆ ಕಟ್ಟೋದು ಎಷ್ಟು ಸಲೀಸು ನೋಡಿ.

ಬೈಬಲ್ಲಿನಲ್ಲೂ ಹೀಗೇ ಆಗಿದೆ. ದಾವೀದ ಅರಸ ತನ್ನ ಸಿಪಾಯಿ ಊರೀಯನ ಹೆಂಡತಿಯನ್ನು ಕರೆಸಿಕೊಂಡು, ಅವನನ್ನು ಯುದ್ಧದಲ್ಲಿ ಕೊಲ್ಲಿಸಿದ್ದು ಸಮುವೇಲನ ಗ್ರಂಥದಲ್ಲಿ ಬಿಚ್ಚಿ ಹೇಳಿದೆ. ಶತಮಾನಗಳ ನಂತರ ಪೂರ್ವಕಾಲವೃತ್ತಾಂತ ಬರೆದವರು ಅದನ್ನು ಸದ್ದಿಲ್ಲದೆ ಬಿಟ್ಟರು. ಅವರ ದಾವೀದ ದೇವಾಲಯಕ್ಕೆ ಸಿದ್ಧತೆ ಮಾಡಿದ ಪುಣ್ಯವಂತ. ಆದರೂ ಒಂದು ಮೆಚ್ಚಬೇಕು: ಹಳೆಯದನ್ನು ಸುಡಲಿಲ್ಲ. ಎರಡೂ ಒಂದೇ ರಟ್ಟಿನೊಳಗಿವೆ. ಊರೀಯನ ಹೆಣವನ್ನು ಯಾರೂ ಮುಚ್ಚಿಡಲು ಆಗಲಿಲ್ಲ.

ಈಗ ನಮ್ಮ ಸರದಿ. ಸಾಂಗತ್ಯದಲ್ಲಿ ರಾಮನ ತಲೆ ಹಾರಿಸೋಳು ದಿಲ್ಲಿ ಪಡೆಯ ಮಾತಂಗಿ. ಮಾತಂಗಿ ನಮ್ಮ ಕೇರಿಯ ದೇವಿಯ ಹೆಸರು. ವೀರನನ್ನು ಕೊಲ್ಲೋ ಕೈಗೆ ಈ ಹೆಸರೇ ಯಾಕೆ ಸಿಕ್ಕಿತು ಅಂತ ಕೇಳೋ ಹಕ್ಕು ನಮಗಿದೆ. ಅವಳನ್ನು ನಮ್ಮ ನಾಯಕಿ ಮಾಡಿ ಹಾಡು ಕಟ್ಟೋ ಆಸೆ ನಮಗೂ ಬಂದದ್ದುಂಟು. ಕಟ್ಟೋಣ. ಆದರೆ ಇಬ್ನ್ ಬತೂತನಲ್ಲಿ ಮಾತಂಗಿಯೂ ಇಲ್ಲ. ಹಾಡನ್ನು ಹಾಡು ಅಂತಲೇ ಹೇಳದೆ ಚರಿತ್ರೆ ಅಂದುಬಿಟ್ಟರೆ, ರತ್ನಾಜಿಗೆ ಅವರು ಮಾಡಿದ್ದನ್ನೇ ನಾವು ಇನ್ಯಾರಿಗೋ ಮಾಡಿದಂಗೆ.

ಮುಂದಿನ ಸಲ ಮಕ್ಕಳನ್ನು ಕುಮ್ಮಟದ ಗುಡ್ಡಕ್ಕೆ ಕರಕೊಂಡು ಹೋದಾಗ ಎರಡೂ ಕತೆ ಹೇಳೋಣ ಮೇಷ್ಟ್ರೇ. ಬಲ್ಲಾಳನ ಸಂಗತಿಯನ್ನೂ ಬಿಡೋದು ಬೇಡ.