ಅವರವರ ಪ್ರಕೃತಿಗೆ ತಕ್ಕ ಯೋಗ



ನಮ್ಮ ದೇವಾಲಯದ ಜೀರ್ಣೋದ್ಧಾರ ಕಾರ್ಯವು ನಡೆಯುತ್ತಿದ್ದ ದಿನಗಳಲ್ಲಿ, ಒಂದು ಸಂಜೆ, ಕಲ್ಲು ಹೊರುವ ಸೇವೆಗೆಂದು ಬಂದಿದ್ದ ತರುಣನೊಬ್ಬನು ನನ್ನ ಬಳಿ ಕುಳಿತು ತನ್ನ ಮನಸ್ಸಿನ ವ್ಯಥೆಯನ್ನು ತೋಡಿಕೊಂಡನು. ಅವನು ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿಯುವವನು. ಒಂದು ವಾರ ಹಗಲು ಪಾಳಿ, ಮತ್ತೊಂದು ವಾರ ರಾತ್ರಿ ಪಾಳಿ. “ದೊಡ್ಡಪ್ಪಾ, ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಧ್ಯಾನ ಮಾಡಬೇಕೆಂದು ಎಲ್ಲರೂ ಹೇಳುತ್ತಾರೆ. ಆ ಹೊತ್ತಿನಲ್ಲಿ ನಾನು ಯಂತ್ರದ ಮುಂದೆ ನಿಂತಿರುತ್ತೇನೆ. ರಜೆಯ ದಿನ ಕಣ್ಣು ಮುಚ್ಚಿ ಕುಳಿತರೂ ಆ ಯಂತ್ರದ ಸದ್ದೇ ಕೇಳಿಸುತ್ತದೆ. ಯೋಗವೆಂಬುದು ನನ್ನ ಹಣೆಯಲ್ಲಿ ಬರೆದಿಲ್ಲವೇನೋ” ಎಂದನು. ಆ ದಿನ ಅವನಿಗೆ ತಕ್ಕ ಉತ್ತರವನ್ನು ಕೊಡಲಾರದೆ ಹೋದೆನು. ಈ ಲೇಖನವೇ ಅವನಿಗೆ ನನ್ನ ಉತ್ತರ.

ನಮ್ಮ ಸೀಮೆಯ ಒಕ್ಕಲಿಗನಿಗೆ ಭೂಮಿಯ ಗುಣವನ್ನು ಯಾರೂ ಕಲಿಸಬೇಕಾಗಿಲ್ಲ. ನೀರು ನಿಲ್ಲುವ ನಂಜೆಯಲ್ಲಿ ಭತ್ತ, ಮಳೆಯನ್ನೇ ನಂಬಿದ ಪುಂಜೆಯಲ್ಲಿ ರಾಗಿ. ಪುಂಜೆಯಲ್ಲಿ ಭತ್ತ ಬೆಳೆಯಲಿಲ್ಲವೆಂದು ಭೂಮಿಯನ್ನು ಬಂಜರೆಂದು ಯಾರೂ ಜರೆಯುವುದಿಲ್ಲ. ಮನುಷ್ಯನ ಚಿತ್ತಭೂಮಿಯ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ನೆರೆಯವನು ಮಾಡುವ ಸಾಧನೆಯನ್ನು ಕಂಡು ಅದನ್ನೇ ಹಿಡಿಯುತ್ತೇವೆ. ಅದು ಕೈಗೂಡದಿದ್ದರೆ ನಮ್ಮನ್ನೇ ನಾವು ಅಯೋಗ್ಯರೆಂದು ಭಾವಿಸುತ್ತೇವೆ.

ಶಾಸ್ತ್ರಗಳು ಎಂದೂ ಹೀಗೆ ಹೇಳಿದವುಗಳಲ್ಲ. ಶ್ರೀಮದ್ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಭಗವಂತನು ಅರ್ಜುನನಿಗೆ ಮೊದಲು ತನ್ನಲ್ಲಿಯೇ ಮನಸ್ಸನ್ನು ನೆಲೆಗೊಳಿಸೆಂದು ಹೇಳಿ, ಅದಾಗದಿದ್ದರೆ ಅಭ್ಯಾಸಯೋಗವನ್ನು ಹಿಡಿಯೆಂದೂ, ಅದೂ ಆಗದಿದ್ದರೆ ತನಗೋಸ್ಕರ ಕರ್ಮವನ್ನು ಮಾಡೆಂದೂ, ಅದಕ್ಕೂ ಶಕ್ತಿಯಿಲ್ಲದಿದ್ದರೆ ಮಾಡುವ ಕರ್ಮದ ಫಲವನ್ನಾದರೂ ತ್ಯಜಿಸೆಂದೂ ಉಪದೇಶಿಸುತ್ತಾನೆ. ಆಗದವನನ್ನು ಹೊರಗೆ ನಿಲ್ಲಿಸದೆ ಅವನಿಗೆ ನಿಲುಕುವ ಮೆಟ್ಟಿಲನ್ನು ತೋರಿಸಿದುದೇ ಇಲ್ಲಿಯ ಕಾರುಣ್ಯ. ಭಾಗವತದ ಏಕಾದಶ ಸ್ಕಂಧದಲ್ಲಿಯೂ ಶ್ರೀಕೃಷ್ಣನು ಉದ್ಧವನಿಗೆ ಇದನ್ನೇ ವಿಶದಪಡಿಸಿದ್ದಾನೆ. ಲೌಕಿಕದಲ್ಲಿ ವಿರಕ್ತಿ ಹುಟ್ಟಿದವರಿಗೆ ಜ್ಞಾನಯೋಗ, ಆಸೆಯು ಇನ್ನೂ ಉಳಿದವರಿಗೆ ಕರ್ಮಯೋಗ, ಅತಿ ವಿರಕ್ತಿಯೂ ಅತಿ ಆಸಕ್ತಿಯೂ ಇಲ್ಲದೆ ಭಗವತ್ಕಥೆಯಲ್ಲಿ ಶ್ರದ್ಧೆಯುಳ್ಳವರಿಗೆ ಭಕ್ತಿಯೋಗ ಎಂಬುದೇ ಆ ವಿಭಾಗ.

ಚಂದ್ರಚೂಡೇಶ್ವರನ ಬೆಟ್ಟದ ನೆರಳಿನಲ್ಲಿ ಬಾಳುವ ನಮಗೆ ಶೈವಸಂಪ್ರದಾಯದ ಚರ್ಯೆ, ಕ್ರಿಯೆ, ಯೋಗ, ಜ್ಞಾನ ಎಂಬ ನಾಲ್ಕು ಪಾದಗಳು ಹೊಸವಲ್ಲ. ತಮಿಳುನಾಡಿನ ಶೈವರು ಇವಕ್ಕೆ ನಾಲ್ವರು ಮಹನೀಯರನ್ನು ನಿದರ್ಶನವಾಗಿ ಹೇಳುತ್ತಾರೆ. ಅಪ್ಪರ್ ಸ್ವಾಮಿಗಳದು ದಾಸಮಾರ್ಗ, ಸಂಬಂಧರದು ಸತ್ಪುತ್ರಮಾರ್ಗ, ಸುಂದರರದು ಸಖ್ಯಮಾರ್ಗ, ಮಾಣಿಕ್ಯವಾಚಕರದು ಜ್ಞಾನವಾದ ಸನ್ಮಾರ್ಗ. ಅಪ್ಪರ್ ಸ್ವಾಮಿಗಳು ದೇವಾಲಯದ ಅಂಗಳದ ಹುಲ್ಲು ಕೆರೆಯುವ ಉಳವಾರವನ್ನು ಹೆಗಲ ಮೇಲೆ ಹೊತ್ತವರು. ಅವರ ಮೂರ್ತಿಯ ಕೈಯಲ್ಲಿ ಇಂದಿಗೂ ಆ ಉಪಕರಣವನ್ನೇ ಕಾಣುತ್ತೇವೆ. ಹುಲ್ಲು ಕೆರೆದ ಸ್ವಾಮಿಗಳಿಗೂ ಜ್ಞಾನಿಯಾದ ಮಾಣಿಕ್ಯವಾಚಕರಿಗೂ ಒಂದೇ ಸಾಲಿನಲ್ಲಿ ಪೂಜೆ ಸಲ್ಲುತ್ತಿರುವಾಗ, ಕಲ್ಲು ಹೊರುವವನು ಧ್ಯಾನಿಗಿಂತ ಕೀಳೆಂದು ಹೇಳಲು ನಾವಾರು?

ಆಸನ ಪ್ರಾಣಾಯಾಮಗಳ ವಿಷಯದಲ್ಲಿಯೂ ಇದೇ ನ್ಯಾಯ. 1888ರಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ ಪ್ರಕಟವಾದ ಅವರ ‘ಯೋಗಮಕರಂದ’ವು ಕನ್ನಡದಲ್ಲಿಯೇ ರಚಿತವಾದ ಗ್ರಂಥ. ಮುಂದೆ ಮದರಾಸಿನಲ್ಲಿ ನೆಲೆಸಿ 1989ರಲ್ಲಿ ದೇಹತ್ಯಾಗ ಮಾಡಿದರು. ಗಟ್ಟಿಮುಟ್ಟಾದ ಬಾಲಕರಿಗೆ ಬಿರುಸಾದ ಆಸನಸರಣಿ, ವೃದ್ಧರಿಗೂ ರೋಗಿಗಳಿಗೂ ಉಸಿರನ್ನು ಅನುಸರಿಸಿದ ಮೃದುವಾದ ಚಲನೆ, ಹೀಗೆ ಆಯಾ ವ್ಯಕ್ತಿಯ ವಯಸ್ಸು, ಬಲ, ವೃತ್ತಿಗಳನ್ನು ನೋಡಿ ಪಾಠ ಹೇಳುವುದು ಅವರ ಪದ್ಧತಿಯಾಗಿತ್ತು. ಅವರ ಶಿಷ್ಯರಲ್ಲಿ ಮೈಸೂರಿನ ಪಟ್ಟಾಭಿ ಜೋಯಿಸರದು ಒಂದು ರೀತಿ. ಕೋಲಾರದ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಕ್ಷಯ ಮೊದಲಾದ ರೋಗಗಳಿಂದ ಕೃಶರಾಗಿದ್ದ ಬಿ.ಕೆ.ಎಸ್. ಅಯ್ಯಂಗಾರ್ಯರದು ಇನ್ನೊಂದು ರೀತಿ. ಆಚಾರ್ಯರ ಪುತ್ರರಾದ ದೇಶಿಕಾಚಾರ್ಯರದು ಮತ್ತೊಂದು. ಅಯ್ಯಂಗಾರ್ಯರು ಹಗ್ಗ, ಹಲಗೆ, ದಿಂಬುಗಳ ಆಸರೆಯನ್ನು ಕೊಟ್ಟು, ದೇಹ ಬಗ್ಗದವರಿಗೂ ಆಸನವು ದೊರಕುವಂತೆ ಮಾಡಿದರು. ಗುರುವು ಒಬ್ಬರೇ, ಶಿಷ್ಯರ ಮಾರ್ಗಗಳು ಮೂರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯವಾಗಿದೆ. ಪ್ರಕೃತಿಗೆ ತಕ್ಕ ಸಾಧನೆಯೆಂದರೆ ಮನಸ್ಸಿಗೆ ಹಿತವಾದುದೆಲ್ಲವೂ ಸಾಧನೆಯೆಂದು ಅರ್ಥವಲ್ಲ. ಇದನ್ನು ನಾನು ಸ್ವಂತ ಅನುಭವದಿಂದಲೇ ಕಲಿಯಬೇಕಾಯಿತು. ವೃತ್ತಿಯಿಂದ ನಾನು ಲೆಕ್ಕದವನು. ಜಪವನ್ನು ಆರಂಭಿಸಿದಾಗ ದಿನದಿನದ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡತೊಡಗಿದೆನು. ತಿಂಗಳ ಕೊನೆಗೆ ಮೊತ್ತವನ್ನು ಕೂಡಿಸುವಾಗ ಬಹಳ ಸಂತೋಷವಾಗುತ್ತಿತ್ತು. ಆದರೆ ಜಪದ ನಡುವೆ ಮಡದಿಯೋ ಮಗುವೋ ಮಾತನಾಡಿಸಿದರೆ ಸಿಡಿದೇಳುತ್ತಿದ್ದೆನು. ಸಂಖ್ಯೆ ಏರಿತು, ಕೋಪ ಇಳಿಯಲಿಲ್ಲ. “ಲಕ್ಷ ಜಪವಾಯಿತು, ನಮ್ಮ ಮೇಲೆ ಲಕ್ಷ್ಯ ಮಾತ್ರ ಬರಲಿಲ್ಲ” ಎಂದು ಮಡದಿಯು ಒಮ್ಮೆ ಹೇಳಿದಾಗ ನನ್ನ ಕಣ್ಣು ತೆರೆಯಿತು. ಎಣಿಸುವ ನನ್ನ ಸ್ವಭಾವಕ್ಕೆ ಆ ಸಾಧನೆಯು ಹಿತವಾಗಿತ್ತು, ನಿಜ. ಅದು ಆ ಸ್ವಭಾವದ ದೋಷವನ್ನೇ ಪೋಷಿಸುತ್ತಿತ್ತು. ಅನಂತರ ಜಪವನ್ನು ಲೆಕ್ಕವಿಲ್ಲದೆ ಮಾಡುತ್ತಾ, ಅನ್ನದಾನದ ದಿನಗಳಲ್ಲಿ ತರಕಾರಿ ಹೆಚ್ಚುವ ಸೇವೆಗೆ ಕುಳಿತೆನು. ಎಷ್ಟು ಕುಂಬಳಕಾಯಿ ಹೆಚ್ಚಿದೆನೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಮನಸ್ಸು ಅಲ್ಲಿ ತಣಿಯಿತು.

ರಾಗಿಯ ಹೊಲದಲ್ಲಿ ನಮ್ಮ ಹಿರಿಯರು ಅವರೆಯ ಅಕ್ಕಡಿ ಸಾಲನ್ನು ಬಿಡುವುದುಂಟು. ರಾಗಿಯು ಭೂಮಿಗೆ ಒಗ್ಗುವ ಬೆಳೆ. ಅವರೆಯು ಅದೇ ಭೂಮಿಯ ಸಾರವನ್ನು ಹೆಚ್ಚಿಸುವ ಬೆಳೆ. ಸಾಧಕನಿಗೂ ಇವೆರಡೂ ಬೇಕು. ಭಾವುಕನಿಗೆ ಭಜನೆ ಒಗ್ಗುತ್ತದೆ. ಆದರೆ ಭಾವಾವೇಶದಲ್ಲಿ ಕರ್ತವ್ಯವು ಮರೆಯದಂತೆ ನಿಯಮಿತವಾದ ಒಂದು ಸೇವೆಯು ಅಕ್ಕಡಿಯಾಗಿರಬೇಕು. ವಿಚಾರಶೀಲನಿಗೆ ವೇದಾಂತಶ್ರವಣ ಒಗ್ಗುತ್ತದೆ; ಅಹಂಕಾರವು ಮೊಳೆಯದಂತೆ ಅವನು ಅಂಗಳವನ್ನೂ ಗುಡಿಸಬೇಕು. ಚಂಚಲನಾದ ಕಾರ್ಯಶೀಲನಿಗೆ ಕರ್ಮಯೋಗವೇ ದಾರಿ; ಅದರೊಡನೆ ದಿನಕ್ಕೆ ಕೆಲವು ನಿಮಿಷಗಳ ನಿಧಾನವಾದ ಉಸಿರಾಟವಿರಲಿ. ಜಡತೆಯುಳ್ಳವನು ಒಮ್ಮೆಲೇ ಧ್ಯಾನಕ್ಕೆ ಕುಳಿತರೆ ನಿದ್ರೆಯೇ ಬರುವುದು. ಅವನು ಮೊದಲು ಸೂರ್ಯನಮಸ್ಕಾರದಿಂದಲೂ ಪ್ರದಕ್ಷಿಣೆಯಿಂದಲೂ ದೇಹವನ್ನು ಎಚ್ಚರಿಸತಕ್ಕದ್ದು. ಪತಂಜಲಿ ಮಹರ್ಷಿಗಳು ಸಮಾಧಿಪಾದದಲ್ಲಿ ತನಗೆ ಪ್ರಿಯವಾದುದನ್ನು ಧ್ಯಾನಿಸಬಹುದೆಂದು ಅನುಮತಿಯನ್ನು ಕೊಟ್ಟು, ಸಾಧನಪಾದದಲ್ಲಿ ಕೆಟ್ಟ ಭಾವನೆಯು ಬಾಧಿಸಿದಾಗ ಅದಕ್ಕೆ ಪ್ರತಿಯಾದ ಭಾವನೆಯನ್ನು ಬೆಳೆಸಬೇಕೆಂದು ವಿಧಿಸಿದುದರ ಮರ್ಮವನ್ನು ನಾನು ಹೀಗೆಯೇ ಅರಿತಿದ್ದೇನೆ. ಉಸಿರನ್ನು ಬಿಗಿಹಿಡಿಯುವ ಕುಂಭಕಾದಿಗಳನ್ನು ಮಾತ್ರ ಬಲ್ಲ ಗುರುಗಳ ಸಮ್ಮುಖದಲ್ಲಿಯೇ ಕಲಿಯತಕ್ಕದ್ದು. ಪುಸ್ತಕವನ್ನು ನೋಡಿ ಕಲಿಯುವುದು ಅಪಾಯಕರ.

ಸಾಧನೆಯು ನಮಗೆ ಒಗ್ಗಿದೆಯೇ ಎಂದು ತಿಳಿಯುವುದು ಹೇಗೆ? ಅದಕ್ಕೆ ದಿವ್ಯದರ್ಶನಗಳು ಬೇಕಿಲ್ಲ. ಮನೆಯವರೊಡನೆ ಮಾತು ಮೃದುವಾಗಿದೆಯೇ, ಮಾಡುವ ಕೆಲಸದಲ್ಲಿ ಶ್ರದ್ಧೆ ಹೆಚ್ಚಿದೆಯೇ, ಬೇರೆ ದಾರಿಯವನನ್ನು ಕಂಡಾಗ ತಾತ್ಸಾರವು ಕಡಿಮೆಯಾಗಿದೆಯೇ ಎಂದು ನೋಡಿಕೊಂಡರೆ ಸಾಕು. ನಮ್ಮ ವಿಷಯದಲ್ಲಿ ನಮಗಿಂತಲೂ ಮನೆಯವರ ಸಾಕ್ಷ್ಯವೇ ಹೆಚ್ಚು ನಂಬತಕ್ಕದ್ದು.

ಆದುದರಿಂದ, ಎಲೈ ತರುಣನೇ, ಯಂತ್ರದ ಮುಂದೆ ನೀನು ನಿಂತಿರುವ ಆ ಬ್ರಾಹ್ಮೀ ಮುಹೂರ್ತವು ವ್ಯರ್ಥವೆಂದು ಕೊರಗಬೇಡ. ಕೈಗೆ ಬಂದ ಕೆಲಸವನ್ನು ಲೋಪವಿಲ್ಲದೆ ಮಾಡಿ, ಈಶ್ವರಾರ್ಪಣವೆಂದು ಮನಸ್ಸಿನಲ್ಲಿ ನುಡಿ. ಪಾಳಿ ಮುಗಿಸಿ ಬಂದು, ಮಲಗುವ ಮುನ್ನ ಹತ್ತು ಉಸಿರುಗಳನ್ನು ನಿಧಾನವಾಗಿ ಬಿಡುತ್ತಾ ಶಿವನಾಮವನ್ನು ಸ್ಮರಿಸು. ಬಿಡುವಿದ್ದಾಗ ದೇವಾಲಯಕ್ಕೆ ಬಾ. ನೀನು ಹೊತ್ತು ತಂದ ಕಲ್ಲುಗಳು ಇಂದು ಪ್ರಾಕಾರದ ಗೋಡೆಯಲ್ಲಿ ಕುಳಿತಿವೆ. ಅವುಗಳ ಪಕ್ಕದಲ್ಲಿ ನೀನೂ ಒಂದು ಗಳಿಗೆ ಕುಳಿತುಕೋ. ನಿನಗೆ ಈಗ ಬೇಕಾದ ಯೋಗವು ಅಷ್ಟೇ.

ಶ್ರೀ ಮರಕತಾಂಬಿಕಾ ಸಮೇತನಾದ ಚಂದ್ರಚೂಡೇಶ್ವರನು ಅವರವರಿಗೆ ಒಗ್ಗುವ ದಾರಿಯನ್ನು ತೋರಿಸಿ ಸರ್ವರನ್ನೂ ಕಾಪಾಡಲಿ.